ಸೇತುವೆ ದಾಟಿದರೆ ಬಂತು

ಮೂರು ದಾರಿಗಳಿದ್ದವು, ಮೂರಕ್ಕೂ ಒಂದೊಂದು ತೊಡಕು. ಭಾನುವಾರ ಬೆಳಿಗ್ಗೆ ಅವನು ಊಟದ ಮೇಜಿನ ಮುಂದೆ ಕುಳಿತು, ಆರಿಹೋದ ಕಾಫಿಯ ಲೋಟವನ್ನು ಅತ್ತಿತ್ತ ಸರಿಸುತ್ತ ಮೀನ ಮೇಷ ಎಣಿಸುತ್ತಿದ್ದ. ಅಕ್ಕನನ್ನು ಗೋಪುರಕ್ಕೆ ಕರೆದುಕೊಂಡು ಹೋಗಬೇಕು. ಹೊರಗಿನಿಂದ ಬಂದವರೆಲ್ಲ ತಪ್ಪದೆ ನೋಡುವ, ಇಲ್ಲೇ ಇರುವವರು ಮನೆಗೆ ಯಾರಾದರೂ ಬಂದಾಗ ಮಾತ್ರ ನೆನಪಿಸಿಕೊಳ್ಳುವ, ನದಿಯಾಚೆಯ ಗಡಿಯಾರದ ಗೋಪುರ. ಬಸ್ಸಿನಲ್ಲಿ ಹೋದರೆ ರಜಾ ದಿನವೂ ಕಾಲಿಡಲು ಜಾಗವಿರುವುದಿಲ್ಲ. ಹೋದ ಸಲ ಬಂದಾಗ ಅವಳನ್ನು ಬಸ್ಸಿನಲ್ಲೇ ಸುತ್ತಾಡಿಸಿದ್ದ. ಯಾವಳೋ ಹುಡುಗಿ ಎದ್ದು ಸೀಟು ಬಿಟ್ಟುಕೊಟ್ಟಾಗ ಅಕ್ಕ, 'ಬೇಡಮ್ಮ, ಕೂತು ಕೂತೇ ಜನ್ಮ ಸವೆಸಿದೀನಿ, ಸ್ವಲ್ಪ ನಿಂತ್ಕೋತೀನಿ' ಎಂದು ನಕ್ಕಿದ್ದಳು. ಬಸ್ಸಿನವರೆಲ್ಲ ನಕ್ಕಿದ್ದರು, ಅವನೊಬ್ಬ ಕಿಟಕಿಯ ಕಡೆ ಮುಖ ತಿರುಗಿಸಿದ್ದ. ನೆಲದಡಿಯ ರೈಲಾದರೆ ನಡುವೆ ಇಳಿದು ಇನ್ನೊಂದು ರೈಲು ಹತ್ತಬೇಕು, ಮೆಟ್ಟಿಲು ಬೇರೆ, ಅವಳ ಮೊಣಕಾಲು ಕೇಳುವುದಿಲ್ಲ. ಟ್ಯಾಕ್ಸಿಯಾದರೆ ಮನೆ ಬಾಗಿಲಲ್ಲಿ ಹತ್ತಿ ಗೋಪುರದ ಬುಡದಲ್ಲಿ ಇಳಿಯಬಹುದು. ಆದರೆ ಒಮ್ಮೆ ಸೇತುವೆ ಹತ್ತಿದರೆ ಆಚೆ ದಡ ಮುಟ್ಟುವವರೆಗೆ ಗಾಡಿ ನಿಲ್ಲಿಸಲು ಜಾಗವಿಲ್ಲ. ಬಚ್ಚಲಿನ ಚಿಲಕ ಬಿದ್ದ ಸದ್ದು ಕೇಳಿಸಿತು. ಅಕ್ಕ ಮತ್ತೆ ಒಳಗೆ ಹೋಗಿದ್ದಳು. ಅವನ ಬಲಗೈ ಹೆಬ್ಬೆರಳು ತನ್ನಷ್ಟಕ್ಕೆ ತೋರುಬೆರಳನ್ನು ಒತ್ತಿತು, ಅವಳು ಹೊರಗೆ ಬಂದಾಗ ಮತ್ತೊಮ್ಮೆ ಒತ್ತಿತು. ಅವನು ಕೈಯನ್ನು ಮೇಜಿನ ಕೆಳಗೆ ಇಟ್ಟುಕೊಂಡ.

ಅದು ಕೆಲಸದಿಂದ ಬಂದ ಚಾಳಿ. ಬಟ್ಟೆ ಹೊಲಿಯುವ ದೊಡ್ಡ ಕಾರ್ಖಾನೆಯಲ್ಲಿ ಅವನದು ವೇಳೆ ಅಳೆಯುವ ಕೆಲಸ. ಒಂದು ಕಾಲರ್ ಕೂಡಿಸಲು ಎಷ್ಟು ಹೊತ್ತು, ಒಂದು ತೋಳು ಹಚ್ಚಲು ಎಷ್ಟು ಹೊತ್ತು ಎಂದು ಹೆಂಗಸರ ಬೆನ್ನ ಹಿಂದೆ ಸ್ಟಾಪ್‌ವಾಚ್ ಹಿಡಿದು ನಿಲ್ಲುವುದು, ಅದರಲ್ಲಿ ಎಲ್ಲಿ ಎಷ್ಟು ಉಳಿಸಬಹುದೆಂದು ಮೇಲಿನವರಿಗೆ ಹೇಳುವುದು. ಹೆಂಗಸರು ಅವನನ್ನು ಟಿಕ್‌ಟಿಕ್ ಸಾರ್ ಎನ್ನುತ್ತಾರೆ. ಮುಖದೆದುರು ಬರೀ ಸಾರ್, ಬೆನ್ನು ತಿರುಗಿದರೆ ಟಿಕ್‌ಟಿಕ್. ಅವನಿಗೆ ಗೊತ್ತಿದೆ, ಗೊತ್ತಿಲ್ಲದವನಂತೆ ಇರುತ್ತಾನೆ. ಪ್ರತಿ ಕೆಲಸದ ವೇಳೆಗೂ ನೀರು ಕುಡಿಯಲಿಕ್ಕೆ, ಬಚ್ಚಲಿಗೆ ಹೋಗಲಿಕ್ಕೆ ಎಂದು ಒಂದಿಷ್ಟು ಹೆಚ್ಚಿಗೆ ಸೇರಿಸುವ ಪದ್ಧತಿ ಹಿಂದಿನಿಂದಲೂ ಇತ್ತು. ಅದನ್ನು ಅರ್ಧಕ್ಕೆ ಇಳಿಸಬಹುದೆಂದು ತೋರಿಸಿದವನು ಅವನೇ. ಸಾಲಿಗೊಂದರಂತೆ ಮರದ ಬಿಲ್ಲೆ ನೇತುಹಾಕಿ, ಬಿಲ್ಲೆ ಕೈಯಲ್ಲಿದ್ದವಳು ಮಾತ್ರ ಬಚ್ಚಲಿಗೆ ಹೋಗಬೇಕು, ಅವಳು ಬರುವವರೆಗೆ ಇನ್ನೊಬ್ಬಳು ಏಳಬಾರದು ಎಂಬ ಏರ್ಪಾಟು. ಎಷ್ಟು ಸರಳ, ಎಷ್ಟು ಅಚ್ಚುಕಟ್ಟು ಎಂದು ಮ್ಯಾನೇಜರು ಸಭೆಯಲ್ಲಿ ಎಲ್ಲರೆದುರು ಅವನ ಬೆನ್ನು ತಟ್ಟಿದ್ದರು. ಆ ಸಂಜೆ ಸಂತೋಷ ಹಂಚಿಕೊಳ್ಳಲು ಅಕ್ಕನಿಗೆ ಫೋನು ಮಾಡಿದ್ದ. ಹೊಗಳಿದರು ಎಂದನೇ ಹೊರತು ಯಾತಕ್ಕೆ ಎಂದು ಹೇಳಿರಲಿಲ್ಲ. ಅವಳು ಕೇಳಿರಲೂ ಇಲ್ಲ. 'ನಂಗೊತ್ತಿತ್ತು ಕಣೋ' ಎಂದು ಆ ಕಡೆ ಅತ್ತಿದ್ದಳು.

'ರೈಲಲ್ಲೇ ಹೋಗಿ' ಎಂದಳು ಹೆಂಡತಿ, ಅಡುಗೆಮನೆಯಿಂದ ದನಿ ತಗ್ಗಿಸಿ. 'ಸ್ಟೇಷನ್ನಲ್ಲಿ ಬಚ್ಚಲು ಇರುತ್ತೆ. ನಿನ್ನೆ ಡಾಕ್ಟ್ರು ಹೇಳಿದ್ದು ಮರೆತ್ರಾ?'

'ಮೆಟ್ಟಿಲು?'

'ನಿಧಾನಕ್ಕೆ ಇಳೀತಾರೆ. ನಿಮಗೇನು ಅವಸರ? ಗೋಪುರ ಓಡಿಹೋಗುತ್ತಾ?'

ಅಷ್ಟರಲ್ಲಿ ಅಕ್ಕ ಬಂದಳು. ಮೈಮೇಲೆ ಹೆಂಡತಿ ಕೊಟ್ಟ ಹೊಸ ಬಟ್ಟೆ, ತಿಳಿ ಹಳದಿ. ಅವಳನ್ನು ತಿಳಿ ಬಣ್ಣದಲ್ಲಿ ನೋಡಿದ ನೆನಪೇ ಅವನಿಗಿರಲಿಲ್ಲ. ಕಡುನೀಲಿ, ಕಪ್ಪು, ಕಂದು, ಅಷ್ಟೇ ಅವಳು. 'ನೋಡೋ, ನಿನ್ನ ಹೆಂಡ್ತಿ ನನ್ನ ಮದುಮಗಳು ಮಾಡ್ಬಿಟ್ಲು' ಎಂದು ನಾಚಿಕೊಂಡು ಕುರ್ಚಿಯ ಅಂಚಿನಲ್ಲಿ ಕುಳಿತಳು. ಮುಂದಿಟ್ಟ ಕಾಫಿಯನ್ನು ಮುಟ್ಟಲಿಲ್ಲ. 'ಕುಡಿ ಅಕ್ಕ' ಎಂದ. 'ಬೇಡಪ್ಪ, ಹೊರಗೆ ಹೊರಟಾಗ ಕುಡಿಯಲ್ಲ.' 'ಖಾಲಿ ಹೊಟ್ಟೇಲಿ ತಲೆ ತಿರುಗಿ ಬಿದ್ರೆ? ಕುಡಿ ಅಂದ್ನಲ್ಲ.' ಅವಳು ಎರಡು ಕೈಯಲ್ಲಿ ಲೋಟ ಹಿಡಿದು, ಶಾಲೆಯ ಮಗು ಔಷಧಿ ಕುಡಿಯುವಂತೆ ಒಂದೇ ಉಸಿರಿಗೆ ಕುಡಿದಳು. ಕುಡಿದು, 'ರೈಲಲ್ಲೇ ಹೋಗೋಣ ಕಣೋ. ನಾನು ನೆಲದೊಳಗಿನ ರೈಲು ನೋಡಿಲ್ಲ' ಎಂದಳು. ಅವಳು ಬಾಯಿಬಿಟ್ಟು ಕೇಳುವುದೇ ಅಪರೂಪ, ಕೇಳಿದ್ದು ಇಷ್ಟು. ಅವನ ಕಿವಿಗೆ ಮಾತ್ರ ಅದು ಬೇರೆಯೇ ಆಗಿ ಬಿತ್ತು: ತಮ್ಮನಿಗೆ ಖರ್ಚು ಬೇಡ, ತಮ್ಮನಿಗೆ ತೊಂದರೆ ಬೇಡ ಎಂಬ ಹಳೆಯ ರಾಗ. ಎದೆಯಲ್ಲಿ ಏನೋ ಕೆರಳಿತು. ಎಷ್ಟು ದಿನ ಇವಳು ಹೀಗೆ ಕಡಿಮೆಯದನ್ನೇ ಕೇಳಿ ಕೇಳಿ ನನ್ನನ್ನು ಸಣ್ಣವನನ್ನಾಗಿ ಮಾಡುವುದು? 'ಟ್ಯಾಕ್ಸಿ ಹೇಳಾಯ್ತು' ಎಂದುಬಿಟ್ಟ. ಹೇಳಿರಲಿಲ್ಲ. ಎದ್ದು ಬಾಲ್ಕನಿಗೆ ಹೋಗಿ ಫೋನು ಮಾಡಿ ಹೇಳಿದ. ಹೆಂಡತಿ ಸೌಟು ಹಿಡಿದು ಅವನನ್ನೇ ನೋಡಿದಳು. 'ಸೇತುವೆ ಮೇಲೆ ನಾನು ದಿನಾ ಹೋಗ್ತೀನಿ. ಕಣ್ಣು ಮುಚ್ಚಿ ತೆಗೆಯೋದ್ರಲ್ಲಿ ಆಚೆ. ನಾನೇ ಅಳೆದಿದೀನಿ' ಎಂದ. ಕಾರ್ಖಾನೆಯ ಬಸ್ಸು ಇನ್ನೂ ನಸುಕಿರುವಾಗಲೇ ಸೇತುವೆ ದಾಟುತ್ತದೆ, ಅದೂ ಕೆಲಸದ ದಿನಗಳಲ್ಲಿ, ಎಂಬುದು ಅವನಿಗೆ ಆಗ ಹೊಳೆಯಲೇ ಇಲ್ಲ. ತಾನು ಅಳೆದದ್ದರ ಮೇಲೆ ಅವನಿಗೆ ಅಷ್ಟು ನಂಬಿಕೆ.

ಟ್ಯಾಕ್ಸಿಯಲ್ಲಿ ಕುಳಿತದ್ದೇ ಅಕ್ಕ ಕಿಟಕಿಗೆ ಮುಖವಿಟ್ಟು ಮಾತಿಗೆ ಶುರುವಿಟ್ಟಳು. ಡ್ರೈವರು ವಯಸ್ಸಾದವನು, ಸೀಟಿಗೆ ಒಗೆದ ಬಿಳಿ ಹೊದಿಕೆ ಹಾಕಿದ್ದ. 'ಟವರ್ ನೋಡೋಕಾ ಅಮ್ಮ?' ಎಂದು ಕೇಳಿದ. 'ಹೂಂನಪ್ಪ. ಅದನ್ನ ನಾನು ಎಷ್ಟು ಹೊಲಿದಿದೀನಿ ಅಂತೀಯ' ಎಂದಳು. ಡ್ರೈವರಿಗೆ ತಿಳಿಯಲಿಲ್ಲ. ಅವಳು ಬಿಡಿಸಿ ಹೇಳಿದಳು: ಅವರ ಊರಿನ ಕಾರ್ಖಾನೆಯ ಅಂಗಿಗಳಿಗೆ ಗೋಪುರದ ಚಿತ್ರದ ಲೇಬಲ್ಲು, ಕಾಲರಿನ ಕೆಳಗೆ ಅದನ್ನು ಹಚ್ಚುವುದೇ ಅವಳ ಕೆಲಸ, ಸೇರಿದ ದಿನದಿಂದ ಬಿಟ್ಟ ದಿನದವರೆಗೂ ಅದೊಂದೇ. 'ಲೇಬಲ್ಲಲ್ಲಿ ಅದು ಒಂಚೂರು ವಾಲಿರುತ್ತೆ. ಸೂಪರ್‌ವೈಸರ್ ನನ್ನೇ ಬೈಯೋನು, ನೆಟ್ಟಗೆ ಹಚ್ಚು ಅಂತ. ನಾನು ನೆಟ್ಟಗೇ ಹಚ್ತಿದ್ದೆ, ಟವರೇ ವಾಲಿತ್ತು. ಇವತ್ತು ನೋಡೇಬಿಡ್ತೀನಿ, ತಪ್ಪು ನಂದೋ ಅದರದ್ದೋ ಅಂತ.' ಡ್ರೈವರು ಜೋರಾಗಿ ನಕ್ಕ. ಅವನಿಗೂ ನಗು ಬಂತು, ಬಂದ ನಗು ಅರ್ಧಕ್ಕೆ ನಿಂತಿತು. ಆ ಲೇಬಲ್ಲುಗಳ ಮೇಲೆಯೇ ಅವನು ಓದಿದ್ದು. ಕಾಲೇಜಿನ ರಜೆಯಲ್ಲಿ ಮನೆಗೆ ಹೋದಾಗ ಅಕ್ಕ ಸಂಜೆ ಬಾಗಿಲು ತಳ್ಳಿಕೊಂಡು ಬರುತ್ತಿದ್ದಳು. ಚಪ್ಪಲಿ ಬಿಡದೆ, ಅವನ ಮುಖ ನೋಡದೆ, ನೇರ ಹಿತ್ತಲಿಗೆ ಓಟ. ಅವನು ಓದುವ ಹುಡುಗ, ನಗುತ್ತಿದ್ದ. 'ಅಕ್ಕನ ಎಕ್ಸ್‌ಪ್ರೆಸ್ ಬಂತು' ಎನ್ನುತ್ತಿದ್ದ. ಹಿತ್ತಲಿನಿಂದ ಬಂದು ಅವಳೂ ನಗುತ್ತಿದ್ದಳು. ನಿನ್ನೆ ಡಾಕ್ಟರು ಚೀಟಿಯಿಂದ ತಲೆಯೆತ್ತಿ, 'ಏನು ಕೆಲಸ ಮಾಡ್ತಿದ್ರು ಇವರು?' ಎಂದು ಅವನನ್ನು ಕೇಳಿದ್ದರು. ಹೇಳಿದ. 'ಅದೇ ಮತ್ತೆ. ವರ್ಷಗಟ್ಟಲೆ ತಡ್ಕೊಂಡು ತಡ್ಕೊಂಡು ಒಳಗೆ ಸೋತುಹೋಗಿದೆ. ಹೊಲಿಗೆ ಕಾರ್ಖಾನೆಯವ್ರು ತುಂಬ ಬರ್ತಾರೆ ನಮ್ಮ ಹತ್ರ. ನೀವು ಎಲ್ಲಿ ಕೆಲಸ ಮಾಡೋದು?' ಅವನು ಗೋಡೆಯ ಮೇಲಿದ್ದ ಮೂತ್ರಪಿಂಡದ ಚಿತ್ರ ನೋಡುತ್ತ, ಆಫೀಸಿನಲ್ಲಿ ಎಂದಿದ್ದ.

ಸೇತುವೆಗೆ ಸ್ವಲ್ಪ ಮೊದಲು ಒಂದು ಪೆಟ್ರೋಲ್ ಬಂಕು ಸಿಗುತ್ತದೆ. ದೊಡ್ಡದು, ಪಕ್ಕದಲ್ಲೇ ಅಂಗಡಿ, ಗೋಡೆಯಲ್ಲಿ ಹೆಂಗಸಿನ ಗೊಂಬೆ ಬರೆದ ಬಚ್ಚಲಿನ ಬಾಗಿಲು. ಅಕ್ಕನ ಮಾತು ಕಡಿಮೆಯಾಗಿದ್ದನ್ನು ಅವನು ಗಮನಿಸಿದ್ದ, ಗಮನಿಸಿದ್ದನ್ನು ಬದಿಗೆ ಸರಿಸಿದ್ದ. ಅವಳು ಡ್ರೈವರಿಗೆ ಕೇಳಿಸದ ಹಾಗೆ ಅವನ ತೋಳು ಮುಟ್ಟಿ, 'ಇಲ್ಲೊಂದ್ಸಲ ನಿಲ್ಸಕ್ಕಾಗುತ್ತೇನೋ?' ಎಂದಳು. ಡ್ರೈವರಿಗೆ ಕೇಳಿಸಿತು, ವೇಗ ತಗ್ಗಿಸಿ ಕನ್ನಡಿಯಲ್ಲಿ ನೋಡಿದ. ಆ ಕ್ಷಣ ಆಮೇಲೆ ಎಷ್ಟು ಸಲ ತಿರುಗಿಸಿ ನೋಡಿದರೂ ಅವನಿಗೆ ಬಗೆಹರಿಯಲಿಲ್ಲ. ನಿಲ್ಲಿಸಿ ಎನ್ನುವುದಕ್ಕೆ ಏನು ಅಡ್ಡಿಯಿತ್ತು? ಏನೂ ಇರಲಿಲ್ಲ. ಅವಸರವಿರಲಿಲ್ಲ, ಯಾರೂ ಕಾಯುತ್ತಿರಲಿಲ್ಲ. ಮನೆ ಬಿಟ್ಟು ಇನ್ನೂ ಎಷ್ಟು ಹೊತ್ತಾಗಿದೆ ಎಂದು ತಲೆ ಲೆಕ್ಕ ಹಾಕಿತು, ಇಷ್ಟು ಬೇಗ ಬೇಕಾಗಬಾರದು ಎಂದು ತೀರ್ಮಾನಿಸಿತು, ಬಾಯಿ ತಾನಾಗಿ ತೆರೆದುಕೊಂಡಿತು. 'ಸೇತುವೆ ದಾಟಿದ್ರೆ ಬಂತು. ಅಲ್ಲಿ ಚೆನ್ನಾಗಿರೋದು ಇದೆ. ಸ್ವಲ್ಪ ತಡ್ಕೋ.' ಬಿಲ್ಲೆ ಇಲ್ಲದೆ ಎದ್ದು ಬಂದ ಹೆಂಗಸರಿಗೆ ಅವನು ಹೇಳುತ್ತಿದ್ದುದು ಇದೇ ದನಿಯಲ್ಲಿ. ಗದರುವುದಲ್ಲ, ಕೇಳಿದವರಿಗೆ ತಾನೇ ಅತಿಯಾಯಿತೇನೋ ಎನ್ನಿಸುವಂಥ ಮೆತ್ತನೆಯ ದನಿ. 'ಆಯ್ತಪ್ಪ' ಎಂದಳು ಅಕ್ಕ, ತಕ್ಷಣ. ಅಷ್ಟು ತಕ್ಷಣ ಒಪ್ಪಿಕೊಂಡದ್ದಕ್ಕೆ ಅವನಿಗೆ ಹಾಯೆನಿಸಿತು. ಟ್ಯಾಕ್ಸಿ ಸೇತುವೆ ಹತ್ತಿತು.

ಸೇತುವೆಯ ನಡುಭಾಗಕ್ಕೆ ಬರುವ ಮೊದಲೇ ಮುಂದಿನ ಗಾಡಿಗಳ ಕೆಂಪು ದೀಪಗಳು ಹೊತ್ತಿಕೊಂಡವು, ಮತ್ತೆ ಆರಲಿಲ್ಲ. ರಜೆಯ ದಿನ, ಬಿಸಿಲು ಬೇರೆ ಹಿತವಾಗಿತ್ತು. ಊರಿಗೆ ಊರೇ ಗೋಪುರ ನೋಡಲು ಹೊರಟಿತ್ತು. ಎರಡೂ ಕಡೆ ಎದೆಯೆತ್ತರದ ಕಬ್ಬಿಣದ ಕಟಕಟೆ, ಕೆಳಗೆ ನೀರು. ಡ್ರೈವರು ಎಂಜಿನ್ ನಿಲ್ಲಿಸಿದ. 'ಭಾನುವಾರ ಹಿಂಗೇ ಸಾರ್. ಬೇರೆ ದಾರಿ ಅಂತ ನೀವು ಹೇಳಲಿಲ್ಲ.' ಅಕ್ಕ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಅದರ ಮೇಲೆ ಬಾಗಿ ಕುಳಿತಿದ್ದಳು. ಮಾತಾಡಿದರೆ ಗಮನ ಆ ಕಡೆ ಹೋಗುತ್ತದೆ ಎಂದುಕೊಂಡು ಅವನು ನದಿ ತೋರಿಸಿದ, ದೋಣಿ ತೋರಿಸಿದ. ನೀರಿನ ಮಾತು ಎತ್ತಿದ್ದಕ್ಕೆ ನಾಲಿಗೆ ಕಚ್ಚಿಕೊಂಡ. ಅಕ್ಕನೇ ಮಾತು ತೆಗೆದಳು, ಹಲ್ಲು ಕಚ್ಚಿದ್ದರಿಂದ ದನಿ ಬಿಗಿದಿತ್ತು. 'ನಿಮ್ಮ ಫ್ಯಾಕ್ಟ್ರೀಲಿ ಹೆಂಗಸ್ರು ಕೇಳಿದ್ರೆ ಬಿಡ್ತಾರೇನೋ?'

'ಎಲ್ಲಿಗೆ?' ಎಂದ. ಎಲ್ಲಿಗೆಂದು ಅವನಿಗೆ ಗೊತ್ತಿತ್ತು.

'ಹಿಂದಕ್ಕೆ. ಬಚ್ಚಲಿಗೆ.'

'ಬಿಡ್ತಾರೆ.'

'ಕೇಳಿದ ತಕ್ಷಣ?'

'ತಕ್ಷಣ.'

'ಒಳ್ಳೇದಾಯ್ತು. ನೀನಿರೋ ಕಡೆ ಹಂಗೇ ಇರುತ್ತೆ ಅಂತ ನಾನು ಎಲ್ರಿಗೂ ಹೇಳ್ತಿರ್ತೀನಿ.'

ಅವನು ಬಾಗಿಲು ತೆಗೆದು ಇಳಿದ. ಇಳಿದು ಏನು ಮಾಡಬೇಕೆಂದು ತೋಚದೆ ಗಾಡಿಗಳ ನಡುವೆ ನಾಲ್ಕು ಹೆಜ್ಜೆ ಹೋಗಿ ಕತ್ತು ಚಾಚಿ ನೋಡಿದ. ಉದ್ದಕ್ಕೂ ಗಾಡಿಗಳ ಬೆನ್ನು. ದೂರದಲ್ಲಿ ಗೋಪುರ ಕಾಣುತ್ತಿತ್ತು, ಒಂಚೂರೂ ವಾಲಿರಲಿಲ್ಲ. ಅಕ್ಕನನ್ನು ನಡೆಸಿಕೊಂಡು ಹೋಗಲೇ? ಆ ಮೊಣಕಾಲಿನಲ್ಲಿ, ಆ ಸ್ಥಿತಿಯಲ್ಲಿ? ಗಾಡಿಯ ಮರೆಯಲ್ಲಿ ಕೂರಿಸಲೇ? ಪಕ್ಕದ ಕಾರಿನಲ್ಲಿ ಮಕ್ಕಳು ಕಿಟಕಿಗೆ ಮೂಗು ಒತ್ತಿಕೊಂಡು ಅವನನ್ನೇ ನೋಡುತ್ತಿದ್ದವು. ಕಾರ್ಖಾನೆಯಲ್ಲಿ ತೋಳು ಹಚ್ಚುವ ಒಬ್ಬಳು, ಬಾಣಂತನ ಮುಗಿಸಿ ಬಂದವಳು, ಒಂದು ದಿನ ಮೆಷಿನ್ನಿನಿಂದ ಎದ್ದು ಅವನೆದುರು ನಿಂತಿದ್ದಳು. ಏನೂ ಹೇಳಿರಲಿಲ್ಲ. ಅವನು ಖಾಲಿ ಮೊಳೆಯನ್ನು ತೋರಿಸಿ, ಬಿಲ್ಲೆ ಬರಲಿ ಎಂದಿದ್ದ. ಅವಳು ಹೋಗಿ ಕುಳಿತಳು. ಮಧ್ಯಾಹ್ನ ಅವಳ ಸ್ಟೂಲನ್ನು ಒದ್ದೆ ಬಟ್ಟೆಯಿಂದ ಅವಳೇ ಒರೆಸುತ್ತಿದ್ದುದನ್ನು ನೋಡಿ, ನೀರು ಚೆಲ್ಲಿಕೊಂಡಿದ್ದಾಳೆ ಎಂದುಕೊಂಡಿದ್ದ. ಹಾಗೆ ಅಂದುಕೊಂಡದ್ದಷ್ಟೇ ಅಲ್ಲ, ಹಾಗೆ ಅಂದುಕೊಳ್ಳಲು ಕಷ್ಟಪಟ್ಟಿದ್ದ. ಅಲ್ಲಿಯ ಹೆಂಗಸರೆಲ್ಲ ಬೇಸಿಗೆಯಲ್ಲೂ ಯಾಕೆ ಕಡುಬಣ್ಣವನ್ನೇ ಉಡುತ್ತಾರೆ ಎಂಬುದು ಈಗ, ಈ ಬಿಸಿಲಿನಲ್ಲಿ, ಕಟಕಟೆ ಹಿಡಿದು ನಿಂತಾಗ ಅವನಿಗೆ ತಿಳಿಯಿತು. ತಿಳಿದದ್ದರಿಂದ ಅಕ್ಕನಿಗೆ ಏನೂ ಉಪಯೋಗವಿರಲಿಲ್ಲ.

ಮರಳಿ ಬಂದು ಬಾಗಿಲು ತೆಗೆದಾಗ ಅಕ್ಕನ ಬಲಗೈ ಮೇಲೆತ್ತಿತ್ತು. ಕಿರುಬೆರಳು ಮಾತ್ರ ಚಾಚಿ, ಮುಂದಿನ ಸೀಟಿನ ಬೆನ್ನಿನ ಕಡೆ ನೋಡುತ್ತ ಕುಳಿತಿದ್ದಳು. ಯಾರನ್ನೂ ಕರೆಯುತ್ತಿರಲಿಲ್ಲ, ಕೈ ತಾನಾಗಿ ಎದ್ದು ನಿಂತಿತ್ತು. 'ಅಕ್ಕ' ಎಂದ. ಅವಳು ಬೆಚ್ಚಿ ಕೈ ಇಳಿಸಿದಳು. 'ಬಂತಾ?' ಎಂದಳು. 'ಇಲ್ಲೇ, ಇನ್ನೇನು ಬಂತು' ಎಂದ. ಅವಳು ಅವನ ಮುಖವನ್ನು ನೋಡಿದಳು, ಅವನು ಸುಳ್ಳು ಹೇಳುತ್ತಿದ್ದಾನೆಂದು ತಿಳಿದ ಕಣ್ಣುಗಳಲ್ಲಿ. ಆಮೇಲೆ ಅವಳ ಹೆಗಲು ಸಡಿಲವಾಯಿತು. ಚೀಲವನ್ನು ಅವುಚಿದ್ದ ಬೆರಳುಗಳು ಬಿಟ್ಟುಕೊಂಡವು. ಅವಳು ಮೆಲ್ಲಗೆ ಕಿಟಕಿಯ ಕಡೆ ತಿರುಗಿ ನದಿಯನ್ನು ನೋಡತೊಡಗಿದಳು, ತುಂಬ ಆಸಕ್ತಿಯಿಂದ, ದೋಣಿಗಳನ್ನು ಈಗಷ್ಟೇ ಕಂಡವಳಂತೆ. ಮೊದಲು ಅವನಿಗೆ ವಾಸನೆ ತಿಳಿಯಿತು. ಬಿಳಿ ಹೊದಿಕೆಯ ಮೇಲೆ ಒದ್ದೆ ಅವನ ಕಡೆಗೂ ಹಬ್ಬಿ ಬಂದಾಗ ಅವನು ಸರಿಯಲಿಲ್ಲ. ಸರಿಯದೆ ಕುಳಿತದ್ದನ್ನೇ ದೊಡ್ಡ ಪ್ರಾಯಶ್ಚಿತ್ತ ಎಂದು ಮನಸ್ಸಿನ ಒಂದು ಮೂಲೆ ಆಗಲೇ ಬರೆದಿಟ್ಟುಕೊಳ್ಳುತ್ತಿತ್ತು. ಅದು ತಿಳಿದು ಅವನಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು. ಬಹಳ ಹೊತ್ತಿನ ಮೇಲೆ ಗಾಡಿಗಳು ಅಲುಗಿದವು. ಡ್ರೈವರು ಎಂಜಿನ್ ಶುರುಮಾಡಿ, ಕನ್ನಡಿಯನ್ನು ಮೇಲಕ್ಕೆ ತಿರುಗಿಸಿ, 'ಬಂಕಲ್ಲೇ ನಿಲ್ಲಿಸ್ತಿದ್ದೆ ನಾನು. ಅಮ್ಮ ಕೇಳಿದ್ರು' ಎಂದ. ಅಷ್ಟೇ ಅಂದದ್ದು. ಬೈದಿದ್ದರೆ ಚೆನ್ನಾಗಿತ್ತು. 'ತಪ್ಪಾಯ್ತಪ್ಪ, ಸೀಟು ನಾನು ತೊಳೆದುಕೊಡ್ತೀನಿ' ಎಂದಳು ಅಕ್ಕ, ನದಿಯ ಕಡೆ ನೋಡುತ್ತಲೇ.

ಗೋಪುರದ ಬುಡದಲ್ಲಿ ಅವನು ಅದೇ ಟ್ಯಾಕ್ಸಿಯಲ್ಲಿ ಮನೆಗೆ ವಾಪಸು ಹೋಗೋಣ ಎಂದ. ಅಕ್ಕ ಒಪ್ಪಲಿಲ್ಲ. ಅವಳು ಯಾವುದಕ್ಕಾದರೂ ಒಪ್ಪದೆ ಇದ್ದದ್ದನ್ನು ಅವನು ನೋಡಿದ್ದು ಅದೇ ಮೊದಲು. 'ಇಷ್ಟಾದ್ಮೇಲೂ ನೋಡದೆ ಹೋಗ್ಲಾ?' ಎಂದಳು. ಅಲ್ಲಿನ ಬಚ್ಚಲಿಗೆ ಹೋಗಿ ಬಟ್ಟೆ ಹಿಂಡಿಕೊಂಡು, ಒದ್ದೆಯಲ್ಲೇ ಹೊರಬಂದಳು. ತಿಳಿ ಹಳದಿಯ ಮೇಲೆ ಕಲೆ ಇನ್ನಷ್ಟು ಎದ್ದು ಕಾಣುತ್ತಿತ್ತು. ಅವನು ಜಾಕೆಟ್ ಬಿಚ್ಚಿ ಅವಳ ಸೊಂಟಕ್ಕೆ ಸುತ್ತಿ ತೋಳುಗಳನ್ನು ಗಂಟು ಹಾಕಿದ. ಜಾಕೆಟ್ ಮುಚ್ಚಬೇಕಾದದ್ದನ್ನೆಲ್ಲ ಮುಚ್ಚಲಿಲ್ಲ. ಅವಳು ಟಿಕೆಟ್ಟಿನ ಸಾಲಿನಲ್ಲಿ ನಿಂತಳು, ಚೀಲವನ್ನು ಹಿಂದಕ್ಕೆ ಇಳಿಬಿಟ್ಟುಕೊಂಡು, ತಲೆಯೆತ್ತಿ ಗಡಿಯಾರವನ್ನು ನೋಡುತ್ತ. ಅವನು ಅವಳ ಹಿಂದೆ ನಿಂತ. ಅವಳ ಮುಂದಿದ್ದವನೊಬ್ಬ ಮೂಗು ಸೆಳೆದುಕೊಂಡು ತಿರುಗಿ ನೋಡಿ, ಹೆಂಡತಿಯ ಕಿವಿಯಲ್ಲಿ ಏನೋ ಹೇಳಿದ. ಆಗ ಅಕ್ಕನ ಹಿಂದಿದ್ದ ಅವನು ಅರ್ಧ ಹೆಜ್ಜೆ ಹಿಂದೆ ಸರಿದ. ನೆರಳಿಗಾಗಿ, ಎಂದುಕೊಂಡ. ಒಂದು ಸಂಸಾರ ಆ ಜಾಗದಲ್ಲಿ ತೂರಿಕೊಂಡಿತು, ಅವನು ಬಿಟ್ಟುಕೊಟ್ಟ.

'ಸಾರ್!'

ಹಿಂದಿನಿಂದ ಇಬ್ಬರು ಹೆಂಗಸರು. ಅವನ ಕಾರ್ಖಾನೆಯವರು, ಕಾಲರಿನ ಸಾಲಿನವರು. ರಜೆಯ ಉಡುಪಿನಲ್ಲಿ ಗುರುತು ಹಿಡಿಯಲು ಒಂದು ಗಳಿಗೆ ಬೇಕಾಯಿತು. ಒಬ್ಬಳು ದಪ್ಪಗೆ, ಬಾಯಿಬಡುಕಿ. ಇನ್ನೊಬ್ಬಳು ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದಳು. 'ಏನ್ ಸಾರ್ ಇಲ್ಲಿ? ಟವರಿನ ಗಡಿಯಾರ ಸರಿಯಾಗಿ ನಡೀತಿದೆಯಾ ಅಂತ ನೋಡೋಕೆ ಬಂದ್ರಾ?' ಎಂದಳು ಬಾಯಿಬಡುಕಿ, ರಜೆಯ ದಿನದ ಧೈರ್ಯದಲ್ಲಿ. ಅವನು ನಗಲು ಪ್ರಯತ್ನಿಸಿದ. 'ಒಬ್ರೇ ಬಂದಿದೀರಾ ಸಾರ್? ಮನೆಯವ್ರು?'

ಅಕ್ಕ ಇದ್ದದ್ದು ಕೈ ಚಾಚಿದರೆ ಸಿಗುವಷ್ಟು ದೂರದಲ್ಲಿ.

'ಹೂಂ' ಎಂದ. 'ಒಬ್ನೇ.'

ಅಕ್ಕನ ಕತ್ತು, ಅಷ್ಟು ಹೊತ್ತು ಮೇಲೆತ್ತಿದ್ದದ್ದು, ನಿಧಾನವಾಗಿ ಕೆಳಗಿಳಿಯಿತು. ತಿರುಗಲಿಲ್ಲ. ಸಾಲು ಮುಂದೆ ಸರಿಯಿತು. ನಗುತ್ತಿದ್ದವಳು ನಗು ನಿಲ್ಲಿಸಿ, ಅವನ ಹೆಗಲಾಚೆ ನೋಡಿ, 'ಅಯ್ಯೋ ಪಾಪ, ಆ ಅಮ್ಮನ ಬಟ್ಟೆ ನೋಡೇ' ಎಂದಳು. ಬಾಯಿಬಡುಕಿ ನೋಡಿದಳು. ಅವಳ ಮುಖದಲ್ಲಿ ಅಸಹ್ಯವಿರಲಿಲ್ಲ. ನೋಡಿದ್ದು ಏನೆಂದು ಅವಳಿಗೆ ಒಂದೇ ನೋಟಕ್ಕೆ ತಿಳಿದುಹೋಗಿತ್ತು. 'ನಮ್ಮ ಥರದೋರೇ ಇರ್ಬೇಕು' ಎಂದಳು. 'ಯಾರ ಮನೆಯವ್ರೋ ಏನೋ, ಇಂಥವ್ರನ್ನ ಹೀಗೆ ಒಬ್ರನ್ನೇ ಕಳಿಸಿಬಿಟ್ಟಿದಾರಲ್ಲ. ಅಲ್ವಾ ಸಾರ್?'

'ಹೂಂ' ಎಂದ.

ಟಿಕೆಟ್ ಕೊಡುವವನು ಗಾಜಿನ ಕಿಂಡಿಯೊಳಗಿಂದ ತಲೆಯೆತ್ತದೆ, 'ಎಷ್ಟು ಜನ?' ಎಂದು ಕೇಳಿದ.

'ಒಂದು ಕೊಡಪ್ಪ.'

ಆಗ ಟಿಕೆಟ್ಟಿನವನು ತಲೆಯೆತ್ತಿ ಅವಳನ್ನೂ ಅವಳ ಸೊಂಟದ ಗಂಡಸಿನ ಜಾಕೆಟ್ಟನ್ನೂ ನೋಡಿದ. 'ಮೇಲೆ ತುಂಬ ಗಾಳಿ ಇರುತ್ತಮ್ಮ. ಜೊತೆಗೆ ಯಾರೂ ಬಂದಿಲ್ವಾ?'

'ಇಲ್ಲಪ್ಪ, ಯಾರೂ ಬಂದಿಲ್ಲ' ಎಂದಳು ಅಕ್ಕ, ಸಾಲಿನ ಹಿಂದೆ ನಿಂತ ಆ ಇಬ್ಬರು ಹೆಂಗಸರಿಗೂ ಕೇಳಿಸುವಷ್ಟು ಗಟ್ಟಿಯಾಗಿ. 'ಒಬ್ಳೇ ಬಂದಿದೀನಿ.'